ಜಟ್ಟಿ ಅಂಬಿಗನ ಹೃದಯ ಮತ್ತು ತೇಲುಕೇರಿಯ ಉಪ್ಪು

ಗಂಗಾವಳಿ ಅಳಿವೆ
ಏರುಶಕ ೧೩೭, ಹದಿಮೂರನೆಯ ತಿಂಗಳ ನಾಲ್ಕನೆಯ ದಿನ

ಹಿಂದಿನವರಿಗೆ,

ಈ ತಾರೀಖು ನಿಮ್ಮ ಯಾವ ಕ್ಯಾಲೆಂಡರಿನಲ್ಲೂ ಸಿಗುವುದಿಲ್ಲ. ಸಮುದ್ರ ಏರಿ ನಮ್ಮ ಬಾವಿಗಳೊಳಗೆ ಬಂದ ವರ್ಷದಿಂದ ನಾವು ಶಕ ಎಣಿಸುತ್ತೇವೆ. ಭರತ ಇಳಿತಗಳಿಗೆ ಹೊಂದಲೆಂದು ವರ್ಷಕ್ಕೆ ಹದಿಮೂರು ತಿಂಗಳು ಇಟ್ಟುಕೊಂಡಿದ್ದೇವೆ. ನಿಮ್ಮ ಲೆಕ್ಕದಲ್ಲಿ ಇದು ೨೨೩೬ನೆಯ ಇಸವಿ. ನನ್ನ ಕೆಲವು ಶಬ್ದಗಳು ನಿಮ್ಮ ಕಿವಿಗೆ ವಿಚಿತ್ರವಾಗಿ ಕೇಳಿದರೆ ಕ್ಷಮಿಸಿ. ನಿಮ್ಮ ಕಾಲದ ಪುಸ್ತಕಗಳನ್ನು ಓದುವಾಗ ನನಗೂ ಹಾಗೇ ಆಗುತ್ತದೆ. 'ಸಿಹಿನೀರು' ಎಂಬ ಮಾತನ್ನು ನೀವು ಎಷ್ಟು ಸಲೀಸಾಗಿ ಬರೆಯುತ್ತೀರಿ!

ನನ್ನ ಹೆಸರು ವಾರಿಜಾ ನಾಯಕ. ವಯಸ್ಸು ಅರವತ್ತೆಂಟು. ಈ ಅಳಿವೆಯ ಆರೋಗ್ಯಕಟ್ಟೆಯಲ್ಲಿ, ಅಂದರೆ ಕಂಬಗಳ ಮೇಲೆ ನಿಂತಿರುವ ನಮ್ಮ ಆಸ್ಪತ್ರೆಯಲ್ಲಿ, ನಲವತ್ತು ವರ್ಷ ವೈದ್ಯೆಯಾಗಿದ್ದೆ. ನಾನು ನಿಮಗೆ ಹೇಳಲು ಕೂತಿರುವುದು ಬೀರಮ್ಮ ಆಗೇರ ಎಂಬ ಹೆಂಗಸಿನ ವಿಷಯ, ಮತ್ತು ಮನುಷ್ಯನ ಎದೆಯಲ್ಲಿರುವ ಒಂದು ಕಿಣ್ವದ ವಿಷಯ. ಎರಡರ ಬಗ್ಗೆಯೂ ನನಗೆ ಇರುವ ಗೌರವ ಒಂದೇ ತೂಕದ್ದು.

ಮೊದಲು ನಮ್ಮ ದಿನಚರಿ ತಿಳಿದಿರಲಿ. ಇಲ್ಲಿ ಬೆಳಿಗ್ಗೆ ಎದ್ದವರು ಮೊದಲು ನೋಡುವುದು ಕೊಡದೊಳಗಿನ ಉಪ್ಪುಗಣ್ಣನ್ನು. ಅದು ಗೋಲಿಯಷ್ಟು ದೊಡ್ಡ ಗಾಜಿನ ಮಣಿ. ನೀರಿನಲ್ಲಿ ಉಪ್ಪು ಹೆಚ್ಚಾದರೆ ಕೆಂಪಾಗುತ್ತದೆ, ಕಡಿಮೆಯಾದರೆ ನೀಲಿಗೆ ತಿರುಗುತ್ತದೆ. ನನ್ನ ಆಯುಷ್ಯದಲ್ಲಿ ಅಚ್ಚ ನೀಲಿ ಮಣಿಯನ್ನು ನಾನು ಮಳೆಗಾಲದಲ್ಲಿ ಮಾತ್ರ ಕಂಡಿದ್ದೇನೆ. ಉಳಿದ ತಿಂಗಳು ನಮ್ಮ ನೀರು ನೇರಳೆ. ಅದನ್ನೇ ಕುಡಿಯುತ್ತೇವೆ, ಅದರಲ್ಲೇ ಅನ್ನ ಬೇಯಿಸುತ್ತೇವೆ. ಹೀಗಾಗಿ ಅಡುಗೆಗೆ ಉಪ್ಪು ಹಾಕುವುದನ್ನು ಕರಾವಳಿ ಮರೆತಿದೆ; ರುಚಿಗೆ ಮುರುಗಲ ಹುಳಿ ಇದೆ. ಪ್ರತಿ ಮನೆಯವರ ಒಂದು ದಿನದ ಮೂತ್ರವನ್ನು ತಿಂಗಳಿಗೊಮ್ಮೆ ಅಳೆದು, ಒಳಗೆ ಹೋದ ಉಪ್ಪು ಹೊರಗೆ ಬಂದಿದೆಯೇ ಎಂದು ನೋಡುವ ಪದ್ಧತಿ ಉಂಟು. ಆ ಕೆಲಸ ಮಾಡುವವರನ್ನು ಅಳತೆಗಾರ್ತಿ ಎನ್ನುತ್ತೇವೆ. ದೊಡ್ಡ ಮರ್ಯಾದೆಯ ಕೆಲಸವೇನೂ ಅಲ್ಲ. ಜಾಡಿ ಹೊತ್ತು ದೋಣಿಯಿಂದ ದೋಣಿಗೆ ಹತ್ತಿ ಇಳಿಯುವವಳನ್ನು ಕಂಡರೆ ಮಕ್ಕಳು ಮೂಗು ಮುಚ್ಚಿಕೊಂಡು ನಗುತ್ತಿದ್ದವು.

ಬೀರಮ್ಮ ಅಂಥ ಅಳತೆಗಾರ್ತಿ. ನಾನು ಹೇಳುವ ಕಾಲಕ್ಕೆ ನನಗೆ ಮೂವತ್ತೊಂದು, ಅವಳಿಗೆ ಐವತ್ತೇಳು. ಅವಳ ಹಿರಿಯರು ಉಪ್ಪಿನ ಆಗರಗಳಲ್ಲಿ ದುಡಿದವರು; ಆಗರಗಳು ಸಮುದ್ರದ ಪಾಲಾದ ಮೇಲೆ ಆ ಮನೆತನಕ್ಕೆ ಉಳಿದದ್ದು ಉಪ್ಪಿನ ಜ್ಞಾನ ಮಾತ್ರ. ಕಡಿಮೆ ಮಾತಿನವಳು. ಮೊಣಕಾಲು ನೋವು ಇದ್ದರೂ ಏಣಿ ಹತ್ತುವಾಗ ಯಾರ ಕೈಯನ್ನೂ ಹಿಡಿಯುತ್ತಿರಲಿಲ್ಲ.

ಅಳಿವೆಯ ತೆಂಕಣ ಬದಿಗೆ ತೇಲುಕೇರಿ ಇದೆ. ಪೀಪಾಯಿಗಳ ಮೇಲೆ ಹಲಗೆ ಹೊದಿಸಿ ಕಟ್ಟಿದ ನಲವತ್ತಾರು ಮಂದಿಯ ಕೇರಿ. ಅಲ್ಲಿನ ಜಟ್ಟಿ ಅಂಬಿಗ ದೋಣಿ ನಡೆಸುವವನು, ನಲವತ್ತೊಂದರ ಗಟ್ಟಿಯಾಳು. ಆ ವರ್ಷ ಅವನ ಕಾಲು ಊದಿತು. ಹುಟ್ಟು ಹಾಕುವಾಗ ಉಸಿರು ಕಟ್ಟತೊಡಗಿತು. ಪರೀಕ್ಷಿಸಿದೆ, ರಕ್ತದ ಒತ್ತಡ ವಿಪರೀತ, ಹೃದಯ ಹಿಗ್ಗಿತ್ತು. ಮೂತ್ರ ಇಳಿಸುವ ಮಾತ್ರೆ ಕೊಟ್ಟೆ. ಊತ ಇಳಿಯಿತು. ಮಾತ್ರೆ ಮುಗಿದೊಡನೆ ಮತ್ತೆ ಊದಿತು. ಅದೇ ಕೇರಿಯ ಇನ್ನೂ ಹಲವರದು ಇದೇ ಕಥೆ. ಅವರು ಕದ್ದು ಒಣಮೀನು ತಿನ್ನುತ್ತಾರೆ ಎಂದು ನಾನು ತೀರ್ಮಾನಿಸಿದೆ. ಉಪ್ಪು ಸವರಿದ ಒಣಮೀನಿನ ಮೇಲೆ ನಮ್ಮಲ್ಲಿ ನಿಷೇಧವಿದೆ, ಆದರೆ ಆಸೆಗೆ ನಿಷೇಧವೆಲ್ಲಿ?

ಜಟ್ಟಿ ನಾಲ್ಕನೆಯ ಸಲ ಬಂದಾಗ ನನಗೆ ಸಿಟ್ಟು ಬಂತು. ಕಾಯುತ್ತಿದ್ದವರೆಲ್ಲರ ಎದುರಿಗೇ ಹೇಳಿದೆ: "ಉಪ್ಪು ತಿಂದವನು ನೀರು ಕುಡಿಯಲೇಬೇಕು, ಜಟ್ಟಿ."

ಅವನು ನನ್ನ ಮುಖವನ್ನೇ ನೋಡಿದ. "ನಮ್ಮೂರಲ್ಲಿ ನೀರೇ ಉಪ್ಪು, ಡಾಕ್ಟ್ರೇ," ಅಂದ. "ನಾ ಮೀನು ಮುಟ್ಟಲಿಲ್ಲ. ಬೇಕಾದ್ರೆ ನನ್ನ ಹೆಂಡ್ತಿನ ಕೇಳಿ."

"ಹೆಂಡತಿ ಗಂಡನನ್ನು ಬಿಟ್ಟುಕೊಡುತ್ತಾಳೆಯೇ?" ಎಂದೆ. ಹಿಂದೆ ಕೂತವರು ನಕ್ಕರು. ಅವನ ಹೆಂಡತಿ ಮಾದೇವಿ ಅವನ ತೋಳು ಹಿಡಿದು ಎಬ್ಬಿಸಿಕೊಂಡು ಹೋದಳು. ಅದೇ ವಾರ ಅಳಿವೆಯ ಪಂಚಾಯತಿ ಅವನ ಹೆಸರನ್ನು ಅಂಬಿಗರ ಪಟ್ಟಿಯಿಂದ ತೆಗೆಯಿತು. ತನ್ನ ದೇಹವನ್ನೇ ನೋಡಿಕೊಳ್ಳದವನ ಕೈಗೆ ಪ್ರಯಾಣಿಕರ ಜೀವ ಕೊಡಬಾರದು ಎಂಬುದು ನಿಯಮ. ಅದಕ್ಕೆ ಬೇಕಾದ ಪತ್ರಕ್ಕೆ ಸಹಿ ಹಾಕಿದವಳು ನಾನೇ.

ನಾನು ಸಹಿ ಹಾಕಿದ ದಿನ ಸಂಜೆ ಬೀರಮ್ಮ ಜಾಡಿಗಳನ್ನು ತೊಳೆದಿಟ್ಟು ನನ್ನ ಮೇಜಿನ ಎದುರು ಬಂದು ನಿಂತಳು.

"ಡಾಕ್ಟ್ರೇ, ಜಟ್ಟಿ ಕದ್ದು ತಿಂದ ಅಂತೀರಲ್ಲ, ತಿಂದದ್ದು ಉಚ್ಚೆಲಿ ಬರಬೇಕಲ್ದಾ? ಅವನ ಉಚ್ಚೆಲಿ ಉಪ್ಪೇ ಇಲ್ಲ."

ಅಳೆಯುವ ಯಂತ್ರ ಹಳೆಯದಾಗಿದೆ, ತಪ್ಪು ತೋರಿಸುತ್ತಿರಬೇಕು ಎಂದೆ. ಅವಳು ವಾದ ಮಾಡಲಿಲ್ಲ. ಮರುದಿನ ಎರಡು ತಗಡಿನ ತಟ್ಟೆಗಳಲ್ಲಿ ತನ್ನದನ್ನೂ ಜಟ್ಟಿಯದನ್ನೂ ಬಿಸಿಲಿಗಿಟ್ಟು ಒಣಗಿಸಿದಳು, ಅವಳ ಅಜ್ಜಂದಿರು ಆಗರದಲ್ಲಿ ಸಮುದ್ರವನ್ನು ಒಣಗಿಸುತ್ತಿದ್ದಂತೆ. ಅವಳ ತಟ್ಟೆಯಲ್ಲಿ ಹರಳುಗಳ ಹೊಳಪು ಕಂಡಿತು. ಅವನ ತಟ್ಟೆಯಲ್ಲಿ ಹಳದಿ ಕರೆ ಮಾತ್ರ. ಮೂತ್ರದಲ್ಲಿ ಬೇರೆ ಪದಾರ್ಥಗಳೂ ಇರುವುದರಿಂದ ಇದು ವಿಜ್ಞಾನದ ಸಾಕ್ಷಿ ಆಗುವುದಿಲ್ಲ ಎಂದು ನಾನು ಹೇಳಿದೆ. ನಿಜವೇ. ಆದರೆ ಆ ತಟ್ಟೆಗಳಿಂದ ಕಣ್ಣು ಕೀಳಲು ನನಗೆ ಆಗಲಿಲ್ಲ.

"ಹಂಗಾರೆ ಸಾಕ್ಷಿ ನಾನೇ ತತ್ತೆ," ಅಂದಳು ಬೀರಮ್ಮ.

ಅವಳು ಚಾಪೆ ಸುತ್ತಿಕೊಂಡು ತೇಲುಕೇರಿಗೆ ಹೋದಳು. ಹನ್ನೆರಡು ದಿನ ಜಟ್ಟಿಯ ಮನೆಯಲ್ಲಿ ಇರುವುದೆಂದು ಗೊತ್ತು ಮಾಡಿದಳು. ಒಂದೇ ಕೊಡದ ನೀರು, ಒಂದೇ ಮಡಕೆಯ ಗಂಜಿ, ತೂಗಿದ ತುತ್ತು ಇಬ್ಬರಿಗೂ ಸಮ. ಅವನು ಎಲ್ಲಿ ಹೋದರೂ ಅವಳು ಹಿಂದೆ. ಮಾದೇವಿ ಆಮೇಲೆ ನನಗೆ ಹೇಳಿದ್ದಳು: "ಮೊದ್ಲೆರಡು ದಿನ ನಂಗೆ ಸಿಟ್ಟು ಬಂದಿತ್ತು, ಪೊಲೀಸ್ರ ಹಂಗೆ ಬಂದು ಕೂತದೆ ಅಂತ. ಮೂರನೇ ದಿನ ಅವಳು ನಮ್ಮ ಗಂಜಿ ಉಣ್ಣೂದ ನೋಡಿ ಪಾಪ ಅನ್ನಿಸ್ತು. ಒಂದ್ಸಲ ಕೂಡಾ ಮುಖ ಕಿವುಚಲಿಲ್ಲ." ಆ ತಿಂಗಳು ಸಮುದ್ರ ಕೆರಳಿದ್ದರಿಂದ ಔಷಧಿಯ ಹಡಗು ಬಂದಿರಲಿಲ್ಲ, ಕಟ್ಟೆಯಲ್ಲಿ ಮಾತ್ರೆಗಳು ಮುಗಿದಿದ್ದವು, ತುರ್ತಿಗೆಂದು ಕೆಲವು ಚುಚ್ಚುಮದ್ದು ಉಳಿದಿದ್ದವು. ಹೀಗಾಗಿ ಜಟ್ಟಿಯ ದೇಹದಲ್ಲಿ ಏನು ನಡೆಯುತ್ತದೋ ಅದು ಯಾವ ಮರೆಯೂ ಇಲ್ಲದೆ ಕಾಣುವಂತಿತ್ತು.

ಬೀರಮ್ಮನೊಳಗೆ ಹೋದ ಉಪ್ಪು ದಿನ ತುಂಬುವುದರೊಳಗೆ ಹೊರಗೆ ಬರುತ್ತಿತ್ತು. ಅವಳ ತೂಕ ಅಲುಗಲಿಲ್ಲ. ಜಟ್ಟಿಯ ತೂಕ ಎಂಟು ದಿನಕ್ಕೆ ಮೂರು ಕಿಲೋ ಏರಿತು. ಒಂಬತ್ತನೆಯ ಬೆಳಿಗ್ಗೆ ಅವನಿಗೆ ಮಲಗಲು ಆಗಲಿಲ್ಲ. ಮಲಗಿದರೆ ನೀರಲ್ಲಿ ಮುಳುಗಿದ ಹಾಗೆ ಆಗುತ್ತದೆ ಎಂದು ಹಲಗೆಗೆ ಬೆನ್ನು ಕೊಟ್ಟು ಕೂತಿದ್ದ. ಬೀರಮ್ಮ ಕಟ್ಟೆಗೆ ಹೇಳಿಕಳಿಸಿದಳು. ನಾನು ಓಡಿದೆ. ಅವನ ತುಟಿ ನೀಲಿಗಟ್ಟಿತ್ತು. ಮೂತ್ರ ಇಳಿಸುವ ಚುಚ್ಚುಮದ್ದು ಕೊಟ್ಟು ಪಕ್ಕದಲ್ಲಿ ಕೂತೆ. ಅರ್ಧ ಗಂಟೆಯಲ್ಲಿ ಜಾಡಿ ತುಂಬತೊಡಗಿತು. ಮಧ್ಯಾಹ್ನದ ಹೊತ್ತಿಗೆ ಅವನ ಬಣ್ಣ ಮರಳಿತು.

ಬೀರಮ್ಮ ಜಾಡಿಯನ್ನು ಬೆಳಕಿಗೆ ಹಿಡಿದು ನೋಡುತ್ತಾ ಹೇಳಿದಳು: "ಮದ್ದು ಹೇಳಿದ ಕೂಡ್ಲೇ ಮೂತ್ರಪಿಂಡ ಉಪ್ಪು ಬಿಟ್ತು, ನೋಡಿ. ಬಿಡೂಕೆ ಅದಕ್ಕೆ ಬತ್ತದೆ. ಬಿಡು ಅಂತ ಹೇಳೂವ್ರು ಒಳಗೆ ಯಾರೂ ಇಲ್ಲ."

ಮೂವತ್ತೊಂದು ವರ್ಷದ ನನ್ನ ತಲೆಯೊಳಗೆ ಏಳು ವರ್ಷದ ವೈದ್ಯಶಾಸ್ತ್ರ ಇತ್ತು. ಈ ಒಂದು ವಾಕ್ಯ ಅದರಲ್ಲಿ ಹೊಳೆದಿರಲಿಲ್ಲ.

ಹೇಳುವವರು ಯಾರು ಎಂಬುದು ನಿಮ್ಮ ಕಾಲದವರಿಗೂ ಗೊತ್ತಿತ್ತು. ದೇಹದಲ್ಲಿ ಉಪ್ಪುನೀರು ಹೆಚ್ಚಾದರೆ ಹೃದಯದ ಮೇಲಿನ ಕೋಣೆಗಳು ಹಿಗ್ಗುತ್ತವೆ. ಹಿಗ್ಗಿದ ಹೃದಯ ಒಂದು ಹಾರ್ಮೋನನ್ನು ಹೊರಬಿಡುತ್ತದೆ. ಅದು ಮೂತ್ರಪಿಂಡಕ್ಕೆ ಹೋಗಿ ಉಪ್ಪನ್ನೂ ನೀರನ್ನೂ ಇಳಿಸುವಂತೆ ಮಾಡುತ್ತದೆ, ರಕ್ತನಾಳಗಳನ್ನು ಸಡಿಲಿಸುತ್ತದೆ, ಹೃದಯದ ಹೊರೆ ಹಗುರಾಗುತ್ತದೆ. ಆದರೆ ಹೃದಯ ಕಟ್ಟಿಡುವಾಗ ಆ ಹಾರ್ಮೋನು ನೂರ ಇಪ್ಪತ್ತಾರು ಕೊಂಡಿಗಳ ಉದ್ದನೆಯ ಸರಪಳಿ; ಆ ರೂಪದಲ್ಲಿ ಅದರಿಂದ ಕೆಲಸ ಆಗುವುದಿಲ್ಲ. ಹೃದಯಕೋಶದ ಹೊರಮೈಯಲ್ಲಿ ಒಂದು ಕಿಣ್ವ ಕಾದು ನಿಂತಿರುತ್ತದೆ. ನಿಮ್ಮ ಪುಸ್ತಕಗಳಲ್ಲಿ ಅದರ ಹೆಸರು ಕೋರಿನ್. ನಾವು ಕತ್ತರಿಕಿಣ್ವ ಎನ್ನುತ್ತೇವೆ. ಸರಪಳಿ ಹೊರಗೆ ಬರುವ ಹೊತ್ತಿಗೆ ಅದನ್ನು ಒಂದೇ ಒಂದು ಜಾಗದಲ್ಲಿ ಕತ್ತರಿಸುತ್ತದೆ. ಕೊನೆಯ ಇಪ್ಪತ್ತೆಂಟು ಕೊಂಡಿಗಳು ಬಿಡುಗಡೆಯಾಗುತ್ತವೆ, ಮೂತ್ರಪಿಂಡಕ್ಕೆ ಅರ್ಥವಾಗುವ ಮಾತು ಅಷ್ಟೇ. ಅಷ್ಟೂ ಕೊಂಡಿಗಳ ನಡುವೆ ಒಂದನ್ನು ಗುರುತಿಸಿ, ಅಲ್ಲೇ ಕತ್ತರಿಸಿ, ಮುಂದಿನದಕ್ಕೆ ಸಿದ್ಧವಾಗುವ ಈ ಕಣವನ್ನು ನೆನೆದಾಗಲೆಲ್ಲ ನನಗೆ ಕೈಮುಗಿಯಬೇಕೆನಿಸುತ್ತದೆ. ಅದು ಇರುವುದು ಹೃದಯದಲ್ಲಿ. ಅದರ ಕೆಲಸದ ಫಲ ಕಾಣುವುದು ಮೂತ್ರಪಿಂಡದಲ್ಲಿ. ಹುಟ್ಟಿದಂದಿನಿಂದ ಹೀಗೆ ನಮ್ಮನ್ನು ಕಾಯುತ್ತಿದ್ದರೂ ಅದು ಇದೆಯೆಂದೇ ನಮಗೆ ತಿಳಿಯುವುದಿಲ್ಲ.

ಜಟ್ಟಿಯ ರಕ್ತವನ್ನು ಹುಬ್ಬಳ್ಳಿಯ ಕಿಣ್ವಶಾಲೆಗೆ ಕಳಿಸಿದೆ. ಯೀಸ್ಟ್ ತೊಟ್ಟಿಗಳಲ್ಲಿ ಕಿಣ್ವ ಬೆಳೆಸುವ ಕಾರ್ಖಾನೆ ಅದು, ಪ್ರಯೋಗಾಲಯವೂ ಹೌದು. ಐದು ವಾರದ ಮೇಲೆ ಉತ್ತರ ಬಂತು. ಅವನ ರಕ್ತದಲ್ಲಿ ಕತ್ತರಿಸದ ಸರಪಳಿಗಳು ರಾಶಿಯಾಗಿದ್ದವು, ಕತ್ತರಿಸಿದ ತುಂಡುಗಳು ಇಲ್ಲವೆನ್ನುವಷ್ಟು ಕಡಿಮೆ. ಹುಟ್ಟಿನಿಂದಲೇ ಅವನ ಕತ್ತರಿಕಿಣ್ವವನ್ನು ಕಟ್ಟುವ ಜೀನಿನಲ್ಲಿ ಒಂದು ಅಕ್ಷರ ತಪ್ಪಿತ್ತು. ಅದರಿಂದ ಸೊಟ್ಟಗೆ ಮಡಚಿಕೊಂಡ ಕಿಣ್ವ ಕೋಶದೊಳಗೇ ಸಿಕ್ಕಿಬಿದ್ದು ಹೊರಮೈಗೆ ಬರುತ್ತಿರಲಿಲ್ಲ. ಕೇರಿಯ ಎಲ್ಲರನ್ನೂ ಪರೀಕ್ಷಿಸಿದೆವು. ನಲವತ್ತಾರರಲ್ಲಿ ಹದಿನೈದು ಮಂದಿಗೆ ಅದೇ ತಪ್ಪಕ್ಷರ. ಸಮುದ್ರ ಸುತ್ತುವರಿದ ಮೇಲೆ ಕೇರಿಯೊಳಗೇ ಹೆಣ್ಣು ಕೊಟ್ಟು ತಂದುಕೊಂಡಿದ್ದರಿಂದ ಅದು ದಟ್ಟವಾಗಿತ್ತು. ನಿಮ್ಮ ಕಾಲದ ಸಿಹಿನೀರಿನಲ್ಲಾದರೆ ಇವರೂ ಬಾಳಿ ಮುಪ್ಪಾಗುತ್ತಿದ್ದರೇನೋ. ನಮ್ಮ ನೀರಿನಲ್ಲಿ ಅದು ಪ್ರಾಣ ತೆಗೆಯುವಂಥದು.

ಸರಿಯಾದ ಕಿಣ್ವವನ್ನು ತೊಟ್ಟಿಯಲ್ಲಿ ಬೆಳೆಸಿ ಚರ್ಮದ ಕೆಳಗೆ ಕೊಡಬಹುದು ಎಂದು ಹುಬ್ಬಳ್ಳಿಯವರು ಬರೆದಿದ್ದರು. ಪ್ರಾಣಿಗಳಲ್ಲಿ ಮಾಡಿ ನೋಡಿದ್ದರು. ಮನುಷ್ಯರಿಗೆ ಕೊಟ್ಟಿರಲಿಲ್ಲ. ನಾನೇ ತೇಲುಕೇರಿಗೆ ಹೋಗಿ ಎಲ್ಲವನ್ನೂ ಬಿಡಿಸಿ ಹೇಳಿದೆ.

"ಹೆಚ್ಚಾದ್ರೆ ಎಂತ ಆತದೆ?" ಜಟ್ಟಿ ಕೇಳಿದ.

"ಒತ್ತಡ ತೀರಾ ಇಳಿದು ಎಚ್ಚರ ತಪ್ಪಬಹುದು. ಮೂತ್ರಪಿಂಡಕ್ಕೆ ರಕ್ತ ಸಾಲದೆ ಹೋಗಬಹುದು. ಪ್ರಾಣಕ್ಕೂ ಅಪಾಯ ಇದೆ."

"ತಕೊಳ್ಳದೇ ಇದ್ರೆ?"

ಮಾದೇವಿ ನನ್ನನ್ನು ಬಿಟ್ಟು ಬೀರಮ್ಮನ ಕಡೆ ತಿರುಗಿದಳು. "ಅಕ್ಕಾ, ನೀ ಎಂತ ಹೇಳ್ತೆ?"

"ನಾ ಹೇಳೂದಿಲ್ಲ ತಂಗೀ. ಜೀವ ಅವನದು," ಎಂದಳು ಬೀರಮ್ಮ. "ಆದ್ರೆ ಆ ದಿನ ನಾ ಅವನ ಹತ್ರಾನೇ ಕೂತಿರ್ತೆ. ಎದ್ದು ಹೋಗೂದಿಲ್ಲ."

"ಅಷ್ಟ್ ಸಾಕು," ಅಂದ ಜಟ್ಟಿ.

ಅವನಿಗೆ ಮೊದಲ ಮದ್ದು ಕೊಟ್ಟದ್ದು ಎರಡನೆಯ ತಿಂಗಳ ಒಂದು ಬೆಳಿಗ್ಗೆ, ಎಂಟು ಗಂಟೆಗೆ. ಐದೈದು ನಿಮಿಷಕ್ಕೆ ಒತ್ತಡ ನೋಡುತ್ತಿದ್ದೆ. ಹತ್ತೂವರೆಗೆ ಒತ್ತಡ ಸರ್ರನೆ ಇಳಿಯಿತು. ಜಟ್ಟಿಯ ಹಣೆ ಬೆವರಿತು, ಕಣ್ಣು ಮೇಲೆ ಸರಿಯಿತು. ಬೀರಮ್ಮ ಅವನ ಕಾಲುಗಳನ್ನು ಎತ್ತಿ ತನ್ನ ಹೆಗಲ ಮೇಲಿಟ್ಟುಕೊಂಡು, "ಜಟ್ಟೀ, ಇಲ್ಲಿ ನೋಡು, ನನ್ನ ನೋಡು," ಎಂದು ಕೂಗುತ್ತಿದ್ದಳು. ನೋಯುವ ಮೊಣಕಾಲೂರಿ ಇಪ್ಪತ್ತು ನಿಮಿಷ ಹಾಗೇ ಕೂತಿದ್ದಳು. ಒತ್ತಡ ನಿಂತಿತು. ಆಮೇಲೆ ನಿಧಾನವಾಗಿ ಒಂದು ಮಟ್ಟಕ್ಕೆ ಬಂದು ಅಲ್ಲೇ ಉಳಿಯಿತು.

ಹನ್ನೊಂದೂವರೆಗೆ ಜಟ್ಟಿ ಕಣ್ಣು ತೆರೆದು ಸಂಕೋಚದಿಂದ ಹೇಳಿದ: "ಹೆಂಗಸ್ರೆಲ್ಲ ಸ್ವಲ್ಪ ಆಚೆ ಹೋಗಿ. ನಂಗೆ ಹೊಯ್ಯೂಕೆ ಬಂತು."

"ನಾ ಎದ್ದು ಹೋಗೂದಿಲ್ಲ ಅಂತ ಮಾತು ಕೊಟ್ಟಿದ್ದೆ," ಎಂದಳು ಬೀರಮ್ಮ. ಗೋಡೆ ಕಡೆ ಮುಖ ಮಾಡಿ, ಜಾಡಿಯನ್ನು ಮಾತ್ರ ಹಿಂದಕ್ಕೆ ಚಾಚಿದಳು.

ನಾಲ್ಕು ಗಂಟೆಯೊಳಗೆ ಸುಮಾರು ಎರಡು ಲೀಟರ್ ಆಗಿತ್ತು. ಮೂತ್ರ ಇಳಿಸುವ ಮದ್ದಿನ ಒಂದು ಹನಿಯನ್ನೂ ನಾವು ಕೊಟ್ಟಿರಲಿಲ್ಲ. ಬೀರಮ್ಮ ಅದರಲ್ಲಿ ಉಪ್ಪುಗಣ್ಣು ಹಾಕಿದಳು. ಮಣಿ ನೇರಳೆಯಾಯಿತು, ಗಾಢವಾಯಿತು, ದಾಸವಾಳದ ಹಾಗೆ ಕೆಂಪಾಯಿತು. ಆ ಕೆಂಪನ್ನು ಕಂಡರೆ ನಮ್ಮ ಊರಿನಲ್ಲಿ ಎಲ್ಲರ ಎದೆ ಧಸಕ್ಕೆನ್ನುತ್ತದೆ. ಅಂದು ಮೊದಲ ಸಲ ಕೆಂಪು ಮಣಿ ನೋಡಿ ಜನ ಕೂಗಿ ಕುಣಿದರು. ಕಟ್ಟೆಯ ಹೊರಗೆ ದೋಣಿಗಳಲ್ಲಿ ಕಾದಿದ್ದ ಕೇರಿಯವರೆಲ್ಲ ಜಾಡಿಯನ್ನು ಕೈಯಿಂದ ಕೈಗೆ ದಾಟಿಸಿ ನೋಡಿದರು. ಮಾದೇವಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ ನಗುತ್ತಿದ್ದಳು. "ಗಂಡ ಉಚ್ಚೆ ಹೊಯ್ದದ್ದಕ್ಕೆ ಊರೇ ಹಬ್ಬ ಮಾಡಿದ್ದು ನನ್ನ ಮನೇಲಿ ಮಾತ್ರ ಇರಬೇಕು!"

ಜಟ್ಟಿ ಅದೇ ವರ್ಷ ಮತ್ತೆ ಹುಟ್ಟು ಹಿಡಿದ. ಹದಿನೈದು ಮಂದಿಯಲ್ಲಿ ಹದಿಮೂರು ಮಂದಿಗೆ ಮದ್ದು ಹಿಡಿಯಿತು. ಇಬ್ಬರಿಗೆ ಅದು ಒಗ್ಗಲಿಲ್ಲ. ಅವರಲ್ಲಿ ಒಬ್ಬಳನ್ನು ನಾವು ಉಳಿಸಿಕೊಳ್ಳಲಾಗಲಿಲ್ಲ. ಹತ್ತೊಂಬತ್ತರ ಹುಡುಗಿ, ಹೆಸರು ಸರಸು. ಅವಳನ್ನು ಬಿಟ್ಟು ಈ ಕಥೆ ಹೇಳಿದರೆ ಸುಳ್ಳಾಗುತ್ತದೆ. ಹುಬ್ಬಳ್ಳಿಯ ವರದಿಯಲ್ಲಿ ನನ್ನ ಹೆಸರು ಮೊದಲು ಬಂತು. ಬೀರಮ್ಮನ ಹೆಸರನ್ನು ಸೇರಿಸಲು ನಾನು ಮೂರು ಸಲ ಬರೆಯಬೇಕಾಯಿತು. ಅಚ್ಚಾದ ಪ್ರತಿಯನ್ನು ತೋರಿಸಿದಾಗ ಅವಳು ಕೇಳಿದ್ದು ಒಂದೇ: "ಜಟ್ಟಿ ಕದೀಲಿಲ್ಲ ಅಂತ ಇದ್ರಲ್ಲಿ ಬರದದೆಯಾ?" ಇರಲಿಲ್ಲ. ವೈಜ್ಞಾನಿಕ ವರದಿಗಳಲ್ಲಿ ಹಾಗೆ ಬರೆಯುವ ರೂಢಿ ಇಲ್ಲ ಎಂದೆ. "ಹಂಗಾರೆ ಅದು ನಿಮ್ಮ ಬಾಯಲ್ಲಿ ಬರಬೇಕು," ಎಂದಳು.

ನಾನು ತೇಲುಕೇರಿಯ ಅಂಗಳದಲ್ಲಿ ನಿಂತು ಎಲ್ಲರ ಎದುರು ಜಟ್ಟಿಯ ಕ್ಷಮೆ ಕೇಳಿದೆ. ಅವನು ನಾಚಿಕೊಂಡು, "ಬಿಡಿ ಡಾಕ್ಟ್ರೇ," ಅಂದ. ಆದರೆ ಇಷ್ಟಕ್ಕೇ ಮುಗಿಯುವಂತಿರಲಿಲ್ಲ. ಇಷ್ಟು ಹೊತ್ತು ನಾನು ನಿಮಗೊಂದು ವಿಷಯ ಹೇಳದೆ ಉಳಿಸಿಕೊಂಡಿದ್ದೇನೆ. ಜಟ್ಟಿಗಿಂತ ಎರಡು ವರ್ಷ ಮೊದಲು ಅವನ ಅಣ್ಣ ಬೊಮ್ಮ ಅಂಬಿಗ ಇದೇ ಊತದಿಂದ ನನ್ನ ಕೈಕೆಳಗೆ ತೀರಿಕೊಂಡಿದ್ದ. ಮರಣಪತ್ರದಲ್ಲಿ ಕಾರಣದ ಪಕ್ಕ ನಾನು ಬರೆದಿದ್ದೆ: 'ರೋಗಿ ಪಥ್ಯ ಪಾಲಿಸಲಿಲ್ಲ.'

ಅವನ ಹೆಂಡತಿ ಹೊನ್ನಿಯ ಮನೆಗೆ ಒಬ್ಬಳೇ ಹೋದೆ. ಹೊನ್ನಿ ಬಲೆಗೆ ಗಂಟು ಹಾಕುತ್ತಾ ಕೂತಿದ್ದಳು. ನಾನು ಹೇಳಬೇಕಾದದ್ದನ್ನು ಹೇಳಿದೆ. ಅವಳು ಅಳಲಿಲ್ಲ, ಬೈಯಲೂ ಇಲ್ಲ. ಗಂಟು ಮುಗಿಸಿ ಕೇಳಿದಳು: "ಆ ಕಾಗದ ತಂದೀರಾ?"

ತಂದಿದ್ದೆ.

"ಹೊಡೆದಾಕಿ ಅದನ್ನ. 'ಅವರು ಒಂಬತ್ತು ವರ್ಷ ಉಪ್ಪು ಮುಟ್ಟಲಿಲ್ಲ' ಅಂತ ಬರೀರಿ."

ಹೊಡೆದುಹಾಕಿ ಬರೆದೆ. ಸಹಿ ಮಾಡಿದೆ. ಅವಳಿಗೆ ಓದಲು ಬರುತ್ತಿರಲಿಲ್ಲ. ಮೂರು ಸಲ ನನ್ನಿಂದ ಓದಿಸಿದಳು. ಆಮೇಲೆ ಎದ್ದು ಕೈತೊಳೆದು, "ಊಟದ ಹೊತ್ತಾಯ್ತು, ಉಂಡು ಹೋಗಿ," ಎಂದು ತಟ್ಟೆ ಇಟ್ಟಳು. ಮಳೆಗಾಲದ ನೀಲಿ ನೀರಿನಲ್ಲಿ ಬೇಯಿಸಿದ ಅನ್ನ, ತಾಜಾ ಮೀನಿನ ಸಾರು. ಬಾಯಿಗಿಟ್ಟರೆ ಒಂದು ಚೂರೂ ಉಪ್ಪಿಲ್ಲ, ಮುರುಗಲ ಹುಳಿ ಕೂಡ ಇಲ್ಲ. ಅವನಿಗೆ ಹುಳಿ ಆಗುತ್ತಿರಲಿಲ್ಲವಂತೆ. "ಅವರು ಹೋದ್ಮೇಲೂ ಬೇರೆ ನಮೂನೆ ಮಾಡೂಕೆ ನಂಗೆ ಕೈ ಬರೂದಿಲ್ಲ," ಎಂದಳು. ಊತ ಕಂಡ ಮೇಲೆ ಬೊಮ್ಮ ಒಂಬತ್ತು ವರ್ಷ ಅದನ್ನೇ ಉಂಡಿದ್ದ. ನಾನು ತಟ್ಟೆಯಲ್ಲಿ ಒಂದು ಅಗುಳನ್ನೂ ಬಿಡಲಿಲ್ಲ.

ಹಿಂದಿನವರೇ, ನನ್ನದೊಂದು ಕೋರಿಕೆ. ನಿಮ್ಮ ಆಸ್ಪತ್ರೆಗಳ ಹಳೆಯ ದಾಖಲೆಗಳನ್ನು ನಾವು ಹುಡುಕಿದೆವು, ಈ ತಪ್ಪಕ್ಷರ ಎಷ್ಟು ಹಳೆಯದೆಂದು ತಿಳಿಯಲು. ಒತ್ತಡದ ಅಂಕಿಗಳು ಸಿಕ್ಕವು, ಮಾತ್ರೆಗಳ ಹೆಸರು ಸಿಕ್ಕವು. ಕಾಲು ಊದಿಸಿಕೊಂಡು ಬಂದ ಆ ಜನ ಏನು ಹೇಳಿದರು ಎಂಬುದನ್ನು ಯಾರೂ ಬರೆದಿಟ್ಟಿರಲಿಲ್ಲ. 'ನಾನು ತಿನ್ನಲಿಲ್ಲ' ಎಂದು ಯಾರಾದರೂ ನಿಮ್ಮೆದುರು ಹೇಳಿದರೆ ದಯವಿಟ್ಟು ಅದನ್ನು ಅವರ ಮಾತಿನಲ್ಲೇ ಬರೆದಿಡಿ. ನಂಬಿಕೆ ಬಾರದಿದ್ದರೂ ಬರೆದಿಡಿ. ಅದರ ಅರ್ಥ ತಿಳಿಯುವವರು ನಿಮಗಿಂತ ಇನ್ನೂರು ವರ್ಷ ಆಚೆಗೆ ಹುಟ್ಟಬಹುದು.

ಬೀರಮ್ಮ ಎಂಬತ್ತನಾಲ್ಕು ವರ್ಷ ಬದುಕಿದಳು. ನಿಮಗೆ ನಮಸ್ಕಾರ. ನಿಮ್ಮ ನೀರು ಸಿಹಿಯಾಗಿರಲಿ.

ವಾರಿಜಾ ನಾಯಕ